ಮೂಲೆಯ ಮೇಜಿನ ಮಹಾನಟಿ ಹ್ಯಾಟಿ ಮೆಕ್‌ಡೇನಿಯಲ್

ಚಲನಚಿತ್ರವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ನಾಯಕ ನಾಯಕಿಯರು. ಭಿತ್ತಿಪತ್ರಗಳಲ್ಲಿ ರಾರಾಜಿಸುವವರೂ ಅವರೇ, ಸಂಭಾವನೆಯಲ್ಲಿ ಸಿಂಹಪಾಲು ಪಡೆಯುವವರೂ ಅವರೇ. ಆದರೆ ಚಿತ್ರ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಮನಸ್ಸಿನಲ್ಲಿ ಉಳಿದುಬಿಡುವ ಮುಖ ಎಷ್ಟೋ ಬಾರಿ ಬೇರೊಂದಾಗಿರುತ್ತದೆ. ಬಾಗಿಲು ತೆರೆದು ಒಳಗೆ ಕರೆದವರು, ಊಟ ಬಡಿಸಿದವರು, ನಾಯಕಿಯ ಕಣ್ಣೀರೊರೆಸಿ ಬುದ್ಧಿ ಹೇಳಿದವರು, ಇಂಥ ಪೋಷಕ ಪಾತ್ರಗಳಿಲ್ಲದೆ ಯಾವ ಕಥೆಯೂ ಮುಂದೆ ಸಾಗದು. ಹಾಲಿವುಡ್ಡಿನ ಸುವರ್ಣಯುಗವೆನಿಸಿದ 1930 ಮತ್ತು 40ರ ದಶಕಗಳಲ್ಲಿ ಅಂಥ ಪಾತ್ರಗಳಿಗೆ ಜೀವ ತುಂಬಿದವರು, ಆಸ್ಕರ್ ಪ್ರಶಸ್ತಿ ಪಡೆದ ಮೊತ್ತಮೊದಲ ಕಪ್ಪು ವರ್ಣೀಯ ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್. ತೆರೆಯ ಮೇಲೆ ಅವರು ಕಾಲಿಡದ ಶ್ರೀಮಂತರ ಮನೆಯಿರಲಿಲ್ಲ. ತೆರೆಯ ಹೊರಗೆ ಮಾತ್ರ ಅವರು ಎಲ್ಲಿ ಕುಳಿತುಕೊಳ್ಳಬೇಕು, ಎಲ್ಲಿ ವಾಸಿಸಬೇಕು, ಕೊನೆಗೆ ಎಲ್ಲಿ ಮಣ್ಣಾಗಬೇಕು ಎಂಬುದನ್ನೂ ಇತರರೇ ನಿರ್ಧರಿಸಲು ಹೊರಟಿದ್ದರು. ಆ ಬದುಕಿನ ಕಥೆಯನ್ನು ನಮ್ಮ ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹ್ಯಾಟಿಯವರು ಜನಿಸಿದ್ದು 1893ರ ಜೂನ್ 10ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ಪಟ್ಟಣದಲ್ಲಿ. ತಂದೆ ಹೆನ್ರಿ, ತಾಯಿ ಸೂಸನ್. ಇಬ್ಬರೂ ಹುಟ್ಟಿದ್ದು ಗುಲಾಮರಾಗಿ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಎರಡಾಗಿ ಕಾದಾಡಿದ ಅಂತರ್ಯುದ್ಧದಲ್ಲಿ ಹೆನ್ರಿಯವರು ಉತ್ತರದ ಪಡೆಯ ಕಪ್ಪು ಸೈನಿಕರ ತುಕಡಿಯಲ್ಲಿ ಹೋರಾಡಿ ಗಾಯಗೊಂಡಿದ್ದರು. ಸ್ವಾತಂತ್ರ್ಯವೇನೋ ದೊರೆಯಿತು. ಆದರೆ ಗಾಯಾಳು ಸೈನಿಕನಿಗೆ ಸಲ್ಲಬೇಕಾದ ಪಿಂಚಣಿಗಾಗಿ ಅವರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯಬೇಕಾಯಿತು. ತಾಯಿ ಪರರ ಮನೆಗಳಲ್ಲಿ ದುಡಿಯುತ್ತಿದ್ದರು, ಚರ್ಚಿನಲ್ಲಿ ಭಕ್ತಿಗೀತೆಗಳನ್ನು ಹಾಡುತ್ತಿದ್ದರು. ಈ ದಂಪತಿಗೆ ಹುಟ್ಟಿದ 13 ಮಕ್ಕಳಲ್ಲಿ ಹ್ಯಾಟಿಯವರೇ ಕಿರಿಯವರು. ತಾಯಿಯ ಕೊರಳಿನ ಹಾಡು, ತಾಯಿಯ ಕೈಯ ಕೆಲಸ, ಎರಡೂ ಮಗಳಿಗೆ ಬಳುವಳಿಯಾಗಿ ಬಂದವು.

ಕುಟುಂಬ ಮುಂದೆ ಕೊಲರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಬಂದು ನೆಲೆಸಿತು. ಅಲ್ಲಿನ ಶಾಲೆಯಲ್ಲಿ ಬಿಳಿಯ ಮಕ್ಕಳೊಂದಿಗೆ ಓದಿದ ಹ್ಯಾಟಿಯವರು 1910ರಲ್ಲಿ ಕಾವ್ಯವಾಚನ ಸ್ಪರ್ಧೆಯೊಂದರಲ್ಲಿ ಪದಕ ಗೆದ್ದರು. ತನಗೆ ಒಲಿದಿರುವುದು ರಂಗಭೂಮಿಯೇ ಎಂದು ಅವರಿಗೆ ಆಗಲೇ ಮನದಟ್ಟಾಗಿರಬೇಕು. ಓದನ್ನು ಅರ್ಧಕ್ಕೇ ನಿಲ್ಲಿಸಿ ಅಣ್ಣ ಓಟಿಸ್ ಅವರ ತಿರುಗಾಟದ ಮಂಡಳಿಯನ್ನು ಸೇರಿದರು. 1914ರಲ್ಲಿ ಅಕ್ಕ ಎಟ್ಟಾ ಅವರೊಡನೆ ಮಹಿಳೆಯರದೇ ಆದ ಪ್ರದರ್ಶನ ತಂಡವೊಂದನ್ನು ಕಟ್ಟಿದರು. ಆದರೆ ಮರುವರ್ಷವೇ ಮೊದಲ ಪತಿ ತೀರಿಕೊಂಡರು. 1916ರಲ್ಲಿ ಓಟಿಸ್ ಕೂಡ ಕಣ್ಮುಚ್ಚಿದರು. ತಂಡ ನಿಂತಾಗಲೆಲ್ಲ ಅಡುಗೆಯೋ, ಬಟ್ಟೆ ಒಗೆಯುವ ಕೆಲಸವೋ ಕೈಹಿಡಿಯುತ್ತಿತ್ತು. 1920ರ ದಶಕದಲ್ಲಿ ಜಾರ್ಜ್ ಮಾರಿಸನ್ ಅವರ ವಾದ್ಯವೃಂದದ ಗಾಯಕಿಯಾಗಿ ಊರೂರು ಸುತ್ತಿದರು, ಡೆನ್ವರಿನ ಬಾನುಲಿಯಲ್ಲಿ ಹಾಡಿದರು, 1926ರಿಂದ 1929ರವರೆಗೆ ತಮ್ಮದೇ ಬ್ಲೂಸ್ ಗೀತೆಗಳನ್ನು ಧ್ವನಿಮುದ್ರಿಸಿದರು.

1929ರಲ್ಲಿ ಶೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿದಾಗ ಮೊದಲು ಬೀದಿಗೆ ಬಿದ್ದವರಲ್ಲಿ ಕಲಾವಿದರೂ ಸೇರಿದ್ದರು. ಹ್ಯಾಟಿಯವರಿಗೆ ಮಿಲ್ವಾಕಿ ನಗರದ ಹೊರವಲಯದ ಕ್ಲಬ್ಬೊಂದರಲ್ಲಿ ಕೆಲಸ ಸಿಕ್ಕಿತು. ಅದು ವೇದಿಕೆಯ ಕೆಲಸವಲ್ಲ, ಮಹಿಳೆಯರ ಶೌಚಾಲಯದಲ್ಲಿ ಗಿರಾಕಿಗಳಿಗೆ ಟವೆಲು ಕೊಡುತ್ತ ನಿಲ್ಲುವ ಕೆಲಸ. ಅಲ್ಲಿ ವೇದಿಕೆಯೇರಿ ಹಾಡುವ ಅವಕಾಶ ಬಿಳಿಯರಿಗಷ್ಟೇ ಮೀಸಲಾಗಿತ್ತು. ಕೊನೆಗೊಂದು ರಾತ್ರಿ ಹಾಡಲು ಅವಕಾಶ ದೊರೆತಾಗ ಹ್ಯಾಟಿಯವರ ಕಂಠ ಸಭಿಕರನ್ನು ಸೆರೆಹಿಡಿಯಿತು. ಮುಂದೆ ಅವರು ಅದೇ ಕ್ಲಬ್ಬಿನ ಖಾಯಂ ಗಾಯಕಿಯಾದರು. ಶೌಚಾಲಯದ ಬಾಗಿಲಿನಿಂದ ವೇದಿಕೆಯವರೆಗಿನ ಆ ಕೆಲವೇ ಹೆಜ್ಜೆಗಳನ್ನು ಕ್ರಮಿಸುವುದೇ ಅವರ ಇಡೀ ಜೀವನದ ಕೆಲಸವಾಯಿತೆಂದು ನಮಗೆ ತೋರುತ್ತದೆ.

1931ರಲ್ಲಿ ಅವರು ಲಾಸ್ ಏಂಜಲೀಸ್ ತಲುಪಿದರು. ಅಣ್ಣ ಸ್ಯಾಮ್ ಹಾಗೂ ಅಕ್ಕಂದಿರು ಆಗಲೇ ಅಲ್ಲಿದ್ದರು. ಅಣ್ಣನ ನೆರವಿನಿಂದ ಬಾನುಲಿ ಕಾರ್ಯಕ್ರಮವೊಂದರಲ್ಲಿ ಅವಕಾಶ ದೊರೆತು 'ಹೈ ಹ್ಯಾಟ್ ಹ್ಯಾಟಿ' ಎಂಬ ಹೆಸರಿನಿಂದ ಜನಪ್ರಿಯರಾದರು. ಆದರೂ ಆ ಸಂಪಾದನೆಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಆದ್ದರಿಂದ ಮನೆಗೆಲಸವನ್ನೂ ಮುಂದುವರಿಸಿದರು. 1932ರಿಂದ ಸಿನೆಮಾಗಳಲ್ಲಿ ಸಣ್ಣಪುಟ್ಟ ಪಾತ್ರಗಳು ಬರತೊಡಗಿದವು. ವಿಪರ್ಯಾಸವೆಂದರೆ ಹಗಲು ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಗಳಿಗೆ ಕ್ಯಾಮೆರಾದ ಮುಂದೆಯೂ ಸಿಕ್ಕಿದ್ದು ಮನೆಗೆಲಸದಾಕೆಯ ಪಾತ್ರವೇ. ಅನೇಕ ಚಿತ್ರಗಳ ಶೀರ್ಷಿಕೆಯಲ್ಲಿ ಅವರ ಹೆಸರು ಕೂಡ ಕಾಣಿಸುತ್ತಿರಲಿಲ್ಲ.

ಅಂದಿನ ಹಾಲಿವುಡ್ಡಿನಲ್ಲಿ ಕಪ್ಪು ವರ್ಣೀಯ ನಟಿಯರಿಗೆ ತೆರೆದಿದ್ದುದು ಅಡುಗೆಮನೆಯ ಬಾಗಿಲೊಂದೇ. ಆ ಬಾಗಿಲಿನಿಂದಲೇ ಒಳಬಂದ ಹ್ಯಾಟಿಯವರು ತಮ್ಮ ಪಾತ್ರಗಳಿಗೆ ಬೇರೆಯೇ ಕಳೆ ತಂದುಕೊಟ್ಟರು. 1934ರ 'ಜಡ್ಜ್ ಪ್ರೀಸ್ಟ್' ಚಿತ್ರದಲ್ಲಿ ಜನಪ್ರಿಯ ನಟ ವಿಲ್ ರಾಜರ್ಸ್ ಅವರ ಜೊತೆ ದನಿಗೂಡಿಸಿ ಹಾಡಿದರು. ನಿರ್ದೇಶಕರು ಜಾನ್ ಫೋರ್ಡ್. 1935ರ 'ಆಲಿಸ್ ಆಡಮ್ಸ್' ಚಿತ್ರದ ಭೋಜನದ ದೃಶ್ಯವಂತೂ ಇಂದಿಗೂ ನಗೆಯುಕ್ಕಿಸುತ್ತದೆ. ಕ್ಯಾಥರಿನ್ ಹೆಪ್‌ಬರ್ನ್ ಅಭಿನಯಿಸಿದ ಮಧ್ಯಮ ವರ್ಗದ ತರುಣಿಯ ಮನೆಗೆ ಶ್ರೀಮಂತ ಯುವಕನೊಬ್ಬ ಊಟಕ್ಕೆ ಬರುತ್ತಾನೆ. ತಾವೂ ಸ್ಥಿತಿವಂತರೇ ಎಂದು ತೋರಿಸಿಕೊಳ್ಳಲು ಮನೆಯವರು ಒಂದು ರಾತ್ರಿಯ ಮಟ್ಟಿಗೆ ಕೆಲಸದಾಕೆಯನ್ನು ಗೊತ್ತುಮಾಡುತ್ತಾರೆ. ಸೆಕೆಯ ರಾತ್ರಿ, ಬಿಸಿಬಿಸಿ ಅಡುಗೆ. ತಲೆಯ ಮೇಲಿನ ಟೋಪಿ ಜಾರುತ್ತಿದ್ದರೂ ಅವಸರವಿಲ್ಲದೆ ತಟ್ಟೆಗಳನ್ನಿಡುವ ಹ್ಯಾಟಿಯವರು ಆ ಮನೆಯ ಒಣ ಪ್ರತಿಷ್ಠೆಯನ್ನೆಲ್ಲ ಬಯಲಿಗೆಳೆಯುತ್ತಾರೆ. ಆ ದೃಶ್ಯವನ್ನು ನೋಡುವಾಗ, ಅತಿಥಿಗಳು ಬಂದ ದಿನ ನಮ್ಮ ಮನೆಗಳಲ್ಲಿ ನಡೆಯುವ ಸಡಗರವೂ ನೆನಪಾಗದಿರದು. 1936ರ 'ಶೋ ಬೋಟ್'ನಲ್ಲಿ ಮಹಾನ್ ಗಾಯಕ ಪಾಲ್ ರಾಬ್ಸನ್ ಅವರೊಂದಿಗೂ ಅವರು ನಟಿಸಿದರು.

ಮಾರ್ಗರೆಟ್ ಮಿಚೆಲ್ ಅವರ ಕಾದಂಬರಿಯನ್ನು ಆಧರಿಸಿ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರು 'ಗಾನ್ ವಿತ್ ದ ವಿಂಡ್' ಚಿತ್ರವನ್ನು ಕೈಗೆತ್ತಿಕೊಂಡಾಗ ಹ್ಯಾಟಿಯವರಿಗೆ ನಲವತ್ತೈದರ ಆಸುಪಾಸು. ನಾಯಕಿ ಸ್ಕಾರ್ಲೆಟ್‌ಳನ್ನು ಎತ್ತಿ ಆಡಿಸಿದ ದಾಸಿ 'ಮಾಮಿ'ಯ ಪಾತ್ರಕ್ಕೆ ಅವರು ಆಯ್ಕೆಯಾದರು. ಗಮನಿಸಬೇಕಾದ ಸಂಗತಿಯೆಂದರೆ ಆ ಪಾತ್ರಕ್ಕೆ ಸ್ವಂತ ಹೆಸರೇ ಇಲ್ಲ. ಚಿತ್ರ ಆರಂಭವಾಗಿ ಮುಗಿಯುವವರೆಗೂ ಆಕೆ ಎಲ್ಲರಿಗೂ ಮಾಮಿ ಅಷ್ಟೇ. ಕಾಲೇಜಿನ ದಿನಗಳಲ್ಲಿ ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಈ ಚಿತ್ರವನ್ನು ಮೊದಲ ಸಲ ನೋಡಿದಾಗ ನಾವೂ ವಿವಿಯನ್ ಲೀ ಮತ್ತು ಕ್ಲಾರ್ಕ್ ಗೇಬಲ್ ಅವರ ಮೇಲೆಯೇ ಕಣ್ಣಿಟ್ಟವರು. ವರ್ಷಗಳ ನಂತರ ಪುನಃ ನೋಡಿದಾಗ ಕಣ್ಣಿಗೆ ಕಟ್ಟಿದ ದೃಶ್ಯವೇ ಬೇರೆ. ಮನೆಯ ಮಗುವನ್ನು ಕಳೆದುಕೊಂಡ ದುಃಖದಲ್ಲಿ ಮಾಮಿ, ಮೆಲನಿಯ ಜೊತೆ ಮಹಡಿಯ ಮೆಟ್ಟಿಲೇರುತ್ತ, ಆ ಮನೆಯಲ್ಲಿ ನಡೆದುದನ್ನೆಲ್ಲ ಅಳುತ್ತ ಹೇಳುತ್ತಾಳೆ. ಮಗು ಸತ್ತ ಮೇಲೆ ತಂದೆತಾಯಿ ಒಬ್ಬರನ್ನೊಬ್ಬರು ಹೇಗೆ ನೋಯಿಸಿಕೊಂಡರೆಂಬುದನ್ನು ನಾವು ಅರಿಯುವುದು ಆ ಮುಖದಿಂದ. ಒಂದು ಮಹಡಿ ಹತ್ತುವಷ್ಟು ಹೊತ್ತಿನಲ್ಲಿ ಒಂದು ಸಂಸಾರದ ಪತನವನ್ನು ಹೇಳಿಬಿಡುವ ಅಭಿನಯವದು.

1939ರ ಡಿಸೆಂಬರ್ 15ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಚಿತ್ರದ ಪ್ರಥಮ ಪ್ರದರ್ಶನ ವೈಭವದಿಂದ ನಡೆಯಿತು. ನಗರಕ್ಕೆ ನಗರವೇ ಸಿಂಗಾರಗೊಂಡಿತ್ತು. ಆದರೆ ಹ್ಯಾಟಿಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬಿಳಿಯರನ್ನೂ ಕಪ್ಪು ಜನರನ್ನೂ ಪ್ರತ್ಯೇಕವಾಗಿರಿಸುವ ಕಾನೂನು ಅಲ್ಲಿ ಜಾರಿಯಲ್ಲಿದ್ದುದರಿಂದ ಚಿತ್ರದ ಕಪ್ಪು ಕಲಾವಿದರು ಯಾರೂ ಆ ಸಮಾರಂಭದಲ್ಲಿ ಪಾಲ್ಗೊಳ್ಳುವಂತಿರಲಿಲ್ಲ. ಇದರಿಂದ ಕೆರಳಿದ ಗೇಬಲ್ ಅವರು ತಾವೂ ಬರುವುದಿಲ್ಲವೆಂದು ಹಟ ಹಿಡಿದರೆಂದೂ, ಹ್ಯಾಟಿಯವರೇ ಅವರ ಮನವೊಲಿಸಿ ಕಳುಹಿಸಿದರೆಂದೂ ಹೇಳಲಾಗುತ್ತದೆ. ಅದರ ಹಿಂದಿನ ರಾತ್ರಿ ಅದೇ ನಗರದಲ್ಲಿ ಏರ್ಪಟ್ಟ ನೃತ್ಯಕೂಟದಲ್ಲಿ ಬಿಳಿಯ ಅತಿಥಿಗಳ ಮನರಂಜನೆಗಾಗಿ ಗುಲಾಮರ ವೇಷ ತೊಟ್ಟು ಹಾಡಿದ ಚರ್ಚ್ ಗಾಯಕವೃಂದದಲ್ಲಿ ಹತ್ತು ವರ್ಷದ ಬಾಲಕನೊಬ್ಬನಿದ್ದ. ಆತನೇ ಮುಂದೆ ಆ ಕಾನೂನುಗಳ ಬುಡವನ್ನೇ ಅಲುಗಿಸಿದ ಮಾರ್ಟಿನ್ ಲೂಥರ್ ಕಿಂಗ್.

1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸಿನ ಅಂಬಾಸಿಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ ನಡೆಯಿತು. ಶ್ರೇಷ್ಠ ಪೋಷಕ ನಟಿಯ ಪ್ರಶಸ್ತಿಗೆ ಅದೇ ಚಿತ್ರದ ಒಲಿವಿಯಾ ಡಿ ಹ್ಯಾವಿಲೆಂಡ್ ಅವರ ಹೆಸರೂ ಇತ್ತು, ಹ್ಯಾಟಿಯವರ ಹೆಸರೂ ಇತ್ತು. ಕಪ್ಪು ಜನರಿಗೆ ಪ್ರವೇಶ ನಿರಾಕರಿಸುತ್ತಿದ್ದ ಆ ಹೋಟೆಲಿನೊಳಕ್ಕೆ ಹ್ಯಾಟಿಯವರನ್ನು ಬಿಡಿಸಲು ಸೆಲ್ಜ್‌ನಿಕ್ ಅವರೇ ವಿಶೇಷವಾಗಿ ಕೇಳಿಕೊಳ್ಳಬೇಕಾಯಿತು. ಒಳಗೂ ಅವರಿಗೆ ಸಹಕಲಾವಿದರ ಮೇಜಿನಲ್ಲಿ ಸ್ಥಳವಿರಲಿಲ್ಲ. ದೂರದ ಗೋಡೆಯ ಬದಿಯಲ್ಲಿ ಹಾಕಿದ್ದ ಚಿಕ್ಕ ಮೇಜಿನ ಬಳಿ, ಜೊತೆಗೆ ಬಂದವರೊಂದಿಗೆ ಅವರು ಕುಳಿತರು. ಮುಡಿಯಲ್ಲಿ ಬಿಳಿಯ ಗಾರ್ಡೇನಿಯಾ ಹೂಗಳಿದ್ದವು. ಹೆಸರು ಕರೆದಾಗ ಆ ಮೂಲೆಯಿಂದೆದ್ದು, ಸಭೆಯ ನಡುವೆ ಹಾದು, ವೇದಿಕೆಯೇರಿ, ಗದ್ಗದ ಕಂಠದಿಂದ ಕೃತಜ್ಞತೆ ಸಲ್ಲಿಸಿದರು. ಬಳಿಕ ಮರಳಿ ಅದೇ ಮೂಲೆಗೆ ನಡೆದರು. ಆ ದಿನಗಳಲ್ಲಿ ಪೋಷಕ ಕಲಾವಿದರಿಗೆ ಸ್ವರ್ಣವರ್ಣದ ಪ್ರತಿಮೆ ಕೊಡುವ ಪದ್ಧತಿಯೂ ಇರಲಿಲ್ಲ. ಅವರ ಕೈಗೆ ಬಂದದ್ದು ಒಂದು ಚಿಕ್ಕ ಫಲಕ. ಕಪ್ಪು ವರ್ಣೀಯ ಮಹಿಳೆಯೊಬ್ಬರು ಅಭಿನಯಕ್ಕಾಗಿ ಮತ್ತೊಮ್ಮೆ ಆಸ್ಕರ್ ಗೆದ್ದದ್ದು 1991ರಲ್ಲಿ, ವೂಪಿ ಗೋಲ್ಡ್‌ಬರ್ಗ್ ಅವರ ಮೂಲಕ. ನಡುವೆ ಕಳೆದದ್ದು 51 ವರ್ಷ.

ಪ್ರಶಸ್ತಿಯಿಂದ ಪಾತ್ರಗಳೇನೂ ಬದಲಾಗಲಿಲ್ಲ. ಮತ್ತೆ ಅದೇ ಅಡುಗೆಮನೆ, ಅದೇ ಏಪ್ರನ್ನು. ಈ ನಡುವೆ ಬೇರೊಂದು ದಿಕ್ಕಿನಿಂದಲೂ ಬಾಣಗಳು ಬರತೊಡಗಿದವು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಘಟನೆಯ ಮುಖಂಡ ವಾಲ್ಟರ್ ವೈಟ್ ಅವರು, ಇಂಥ ದಾಸಿಯ ಪಾತ್ರಗಳು ಇಡೀ ಜನಾಂಗದ ಮಾನವನ್ನು ಕುಗ್ಗಿಸುತ್ತವೆಂದು ವಾದಿಸಿ ಹಾಲಿವುಡ್ಡಿನ ಮೇಲೆ ಒತ್ತಡ ತಂದರು. ಆ ವಾದದಲ್ಲಿ ಹುರುಳಿತ್ತು. 'ಗಾನ್ ವಿತ್ ದ ವಿಂಡ್' ಗುಲಾಮಗಿರಿಯ ಕ್ರೌರ್ಯವನ್ನು ಮರೆಮಾಚಿ, ಗುಲಾಮರು ತಮ್ಮ ಒಡೆಯರ ಮನೆಗಳಲ್ಲಿ ಸುಖವಾಗಿದ್ದರೆಂಬ ಭ್ರಮೆಯನ್ನು ಹರಡಿದ ಚಿತ್ರವೆಂಬುದರಲ್ಲಿ ಇಂದು ಹೆಚ್ಚು ಭಿನ್ನಾಭಿಪ್ರಾಯವಿಲ್ಲ. 2020ರಲ್ಲಿ ಅಮೆರಿಕದ ಅಂತರ್ಜಾಲ ಪ್ರಸಾರ ಸಂಸ್ಥೆಯೊಂದು ಈ ಚಿತ್ರವನ್ನು ಕೆಲಕಾಲ ಹಿಂತೆಗೆದು, ಚಾರಿತ್ರಿಕ ಹಿನ್ನೆಲೆಯನ್ನು ವಿವರಿಸುವ ಮುನ್ನುಡಿಯೊಂದಿಗೆ ಮರಳಿ ಪ್ರಸಾರ ಮಾಡಿತು.

ಹ್ಯಾಟಿಯವರ ನಿಲುವು ಬೇರೆಯಾಗಿತ್ತು. ನಿಜಜೀವನದಲ್ಲಿ ಮನೆಗೆಲಸ ಮಾಡಿಯೇ ಬದುಕಿದ್ದ ತಮಗೆ ಅದನ್ನು ತೆರೆಯ ಮೇಲೆ ಅಭಿನಯಿಸಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಳಿಸುವುದರಲ್ಲಿ ನಾಚಿಕೆಪಡುವಂಥದೇನೂ ಕಾಣದೆಂದು ಅವರು ವಾದಿಸಿದರು. ಇದ್ದೊಂದು ಬಾಗಿಲನ್ನೂ ಮುಚ್ಚಿಬಿಟ್ಟರೆ ತಮ್ಮಂಥ ಕಲಾವಿದರು ಹೋಗುವುದಾದರೂ ಎಲ್ಲಿಗೆ ಎಂಬ ಆತಂಕ ಅವರ ತಲೆಮಾರಿನ ನಟನಟಿಯರೆಲ್ಲರಲ್ಲೂ ಇತ್ತು. ಒಂದೆಡೆ ಜನಾಂಗದ ಗೌರವ, ಇನ್ನೊಂದೆಡೆ ದುಡಿಯುವ ಹೆಣ್ಣಿನ ಅನ್ನ. ಯಾರು ಸರಿ, ಯಾರು ತಪ್ಪು ಎಂದು ಇಷ್ಟು ದೂರದಲ್ಲಿ ಕುಳಿತು ತೀರ್ಪು ಕೊಡುವುದು ನಮಗೆ ಉಚಿತವೆನಿಸದು. ಆದರೆ ಹ್ಯಾಟಿಯವರು ಗೌರವದ ಪ್ರಶ್ನೆಗೆ ಬೆನ್ನು ಹಾಕಿದವರೆಂದು ಹೇಳುವವರು ಅವರ ಮನೆಯ ಕಥೆಯನ್ನು ಅವಶ್ಯವಾಗಿ ತಿಳಿಯಬೇಕು.

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳ ನಡುವೆ ವರ್ಷಗಳನ್ನು ಕಳೆದ ನಮಗೆ ಕ್ರಯಪತ್ರದ ಪ್ರತಿಯೊಂದು ಷರತ್ತನ್ನೂ ಓದುವ ಅಭ್ಯಾಸ. ಅಂದಿನ ಲಾಸ್ ಏಂಜಲೀಸಿನ ಎಷ್ಟೋ ಕ್ರಯಪತ್ರಗಳಲ್ಲಿ, ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಕೂಡದು, ಅವರು ಇಲ್ಲಿ ವಾಸಿಸಕೂಡದು ಎಂಬ ಷರತ್ತು ಇರುತ್ತಿತ್ತು. 1940ರ ದಶಕದ ಆರಂಭದಲ್ಲಿ ಹ್ಯಾಟಿಯವರು ವೆಸ್ಟ್ ಆಡಮ್ಸ್ ಹೈಟ್ಸ್ ಬಡಾವಣೆಯಲ್ಲಿ ದೊಡ್ಡ ಮನೆಯೊಂದನ್ನು ಕೊಂಡರು. ನಟಿಯರಾದ ಲೂಯಿಸ್ ಬೀವರ್ಸ್, ಎಥೆಲ್ ವಾಟರ್ಸ್ ಮೊದಲಾದ ಕಪ್ಪು ಗಣ್ಯರೂ ಅಲ್ಲಿ ನೆಲೆಸಿ, ಬಡಾವಣೆಗೆ 'ಶುಗರ್ ಹಿಲ್' ಎಂಬ ಹೆಸರು ಬಂದಿತು. ನೆರೆಯ ಕೆಲವು ಬಿಳಿಯರು ಹಳೆಯ ಷರತ್ತನ್ನು ಮುಂದಿಟ್ಟುಕೊಂಡು ಇವರನ್ನು ಮನೆಯಿಂದ ಹೊರಹಾಕಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದರು.

ಹ್ಯಾಟಿಯವರು ಮನೆ ಬಿಟ್ಟು ಹೋಗಲಿಲ್ಲ. ನೆರೆಹೊರೆಯವರನ್ನು ಒಗ್ಗೂಡಿಸಿ ಹೋರಾಟಕ್ಕೆ ನಿಂತರು. ಸಮರ್ಥ ಕಪ್ಪು ವಕೀಲ ಲೋರೆನ್ ಮಿಲ್ಲರ್ ಅವರ ಪರವಾಗಿ ವಾದಿಸಿದರು. ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಅವರು ಸ್ವತಃ ಬಡಾವಣೆಗೆ ಹೋಗಿ ನೋಡಿಬಂದರು. 1945ರ ಡಿಸೆಂಬರಿನಲ್ಲಿ, ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ ನೀಡಿರುವ ಸಮಾನತೆಯ ರಕ್ಷಣೆಗೆ ಇಂಥ ಷರತ್ತು ವಿರುದ್ಧವೆಂದು ದಾವೆಯನ್ನು ವಜಾ ಮಾಡಿದರು. ಮೂರು ವರ್ಷಗಳೊಳಗೆ, 1948ರ ಮೇ ತಿಂಗಳಲ್ಲಿ, ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪಿತ್ತಿತು. ಆ ಮೊಕದ್ದಮೆಗಳಲ್ಲಿ ವಾದಿಸಿದವರಲ್ಲಿ ಮಿಲ್ಲರ್ ಅವರೂ ಒಬ್ಬರು. ಊರು ಬಿಟ್ಟು ಮಹಾನಗರಕ್ಕೆ ಬಂದು, ಜಾತಿ ಯಾವುದು, ಊಟ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆ ಈ ಗೆಲುವಿನ ತೂಕ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1947ರಲ್ಲಿ 'ಬ್ಯೂಲಾ' ಎಂಬ ಬಾನುಲಿ ಸರಣಿಯ ಮುಖ್ಯ ಪಾತ್ರ ಅವರಿಗೆ ದೊರೆಯಿತು. ಅದೂ ಮನೆಗೆಲಸದಾಕೆಯ ಪಾತ್ರವೇ. ವಿಚಿತ್ರವೆಂದರೆ ಅದುವರೆಗೆ ಆ ಕಪ್ಪು ಹೆಂಗಸಿನ ಪಾತ್ರಕ್ಕೆ ಧ್ವನಿ ಕೊಡುತ್ತಿದ್ದವರು ಬಿಳಿಯ ಗಂಡಸರು! ಹ್ಯಾಟಿಯವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ತಮ್ಮ ಜನರನ್ನು ಗೇಲಿ ಮಾಡಲು ಬಳಸುತ್ತಿದ್ದ ವಕ್ರವಾದ ಆಡುಭಾಷೆಯಲ್ಲಿ ತಾವು ಮಾತನಾಡುವುದಿಲ್ಲವೆಂಬ ಷರತ್ತನ್ನು ಹಾಕಿದರು. ಈ ಬಾರಿ ಷರತ್ತು ಅವರದಾಗಿತ್ತು. ವಾರಕ್ಕೆ 1000 ಡಾಲರ್ ಸಂಭಾವನೆ. ಅಮೆರಿಕದ ರಾಷ್ಟ್ರವ್ಯಾಪಿ ಬಾನುಲಿ ಸರಣಿಯೊಂದರ ಮುಖ್ಯ ಪಾತ್ರ ವಹಿಸಿದ ಮೊದಲ ಕಪ್ಪು ವರ್ಣೀಯ ಮಹಿಳೆ ಎಂಬ ಹಿರಿಮೆಯೂ ಅವರದಾಯಿತು.

ವೈಯಕ್ತಿಕ ಬದುಕು ಇಷ್ಟು ಉದಾರವಾಗಿರಲಿಲ್ಲ. ನಾಲ್ಕು ಮದುವೆಗಳಲ್ಲಿ ಯಾವುದೂ ನೆಲೆ ನಿಲ್ಲಲಿಲ್ಲ. ಮಗುವೊಂದು ಬೇಕೆಂಬ ಹಂಬಲ ಕೊನೆಗೂ ಈಡೇರಲಿಲ್ಲ. 1951ರಲ್ಲಿ 'ಬ್ಯೂಲಾ' ದೂರದರ್ಶನಕ್ಕೆಂದು ಕೆಲವು ಕಂತುಗಳಲ್ಲಿ ಅಭಿನಯಿಸುವಷ್ಟರಲ್ಲೇ ಆರೋಗ್ಯ ಕೈಕೊಟ್ಟಿತು. ಸ್ತನ ಕ್ಯಾನ್ಸರಿಗೆ ತುತ್ತಾದ ಅವರು 1952ರ ಅಕ್ಟೋಬರ್ 26ರಂದು, ಚಿತ್ರೋದ್ಯಮದ ಕಲಾವಿದರಿಗಾಗಿ ಇದ್ದ ಆಸ್ಪತ್ರೆಯಲ್ಲಿ, ತಮ್ಮ 59ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ಅವರ ಅಂತಿಮ ಇಚ್ಛೆಗಳು ಹೆಚ್ಚೇನೂ ಇರಲಿಲ್ಲ. ಬಿಳಿಯ ಶವಪೆಟ್ಟಿಗೆ, ಕೈಯಲ್ಲಿ ಬಿಳಿಯ ಗಾರ್ಡೇನಿಯಾ ಹೂಗಳು, ಚಿತ್ರರಂಗದ ಸಹೋದ್ಯೋಗಿಗಳು ಮಲಗಿರುವ ಹಾಲಿವುಡ್ ಸ್ಮಶಾನದಲ್ಲಿ ಒಂದಿಷ್ಟು ನೆಲ. ಆ ನೆಲ ಸಿಗಲಿಲ್ಲ. ಅಲ್ಲಿಯೂ ವರ್ಣದ ಗೋಡೆ ಅಡ್ಡ ಬಂತು. ಎಲ್ಲ ಜನಾಂಗದವರಿಗೂ ತೆರೆದಿದ್ದ ರೋಸ್‌ಡೇಲ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು ಹಳೆಯ ತಪ್ಪನ್ನು ತಿದ್ದಲೆಂದು ಅವರ ಅವಶೇಷಗಳನ್ನು ತಮ್ಮಲ್ಲಿಗೆ ತರಲು ಮುಂದಾದರು. ಮಲಗಿದವರನ್ನು ಎಬ್ಬಿಸುವುದು ಬೇಡವೆಂದು ಬಂಧುಗಳು ಒಪ್ಪಲಿಲ್ಲ. ಹಾಗಾಗಿ ಅಲ್ಲಿ ಒಂದು ಸ್ಮಾರಕವನ್ನಷ್ಟೇ ನಿಲ್ಲಿಸಲಾಯಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಅವರು ಹೋರಾಡಿ ಉಳಿಸಿಕೊಂಡ ಶುಗರ್ ಹಿಲ್ ಬಡಾವಣೆಯನ್ನು ಮಾತ್ರ 1960ರ ದಶಕದಲ್ಲಿ ಹೆದ್ದಾರಿಯೊಂದು ಸೀಳಿಕೊಂಡು ಹೋಯಿತು.

ತಮ್ಮ ಆಸ್ಕರ್ ಫಲಕವನ್ನು ಹ್ಯಾಟಿಯವರು ಉಯಿಲಿನಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದರು. ಅದು ಕಪ್ಪು ವಿದ್ಯಾರ್ಥಿಗಳ ಹೆಮ್ಮೆಯ ವಿದ್ಯಾಕೇಂದ್ರ. ಅಲ್ಲಿನ ನಾಟಕ ವಿಭಾಗದಲ್ಲಿದ್ದ ಆ ಫಲಕ ಮುಂದೆ ಕಾಣೆಯಾಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. 2023ರ ಅಕ್ಟೋಬರ್ 1ರಂದು ಆಸ್ಕರ್ ಅಕಾಡೆಮಿಯವರು ಅದೇ ಮಾದರಿಯ ಹೊಸ ಫಲಕವೊಂದನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಆ ರಾತ್ರಿ ಮೂಲೆಯ ಮೇಜಿನಲ್ಲಿ ಕುಳಿತಿದ್ದ ನಟಿಯ ಗೌರವ, 83 ವರ್ಷಗಳ ನಂತರ, ಅವರೇ ಆರಿಸಿಕೊಂಡಿದ್ದ ಮನೆಗೆ ಮರಳಿತು.

ಈ ಬರಹವನ್ನು ಸಿದ್ಧಪಡಿಸುವಾಗ ನಮ್ಮನ್ನು ಬಿಡದೆ ಕಾಡಿದ್ದು ಆ ಹೆಸರಿಲ್ಲದ ಪಾತ್ರ. ನಮ್ಮ ಮನೆಗೆ ವರ್ಷಗಳಿಂದ ಪಾತ್ರೆ ತೊಳೆಯಲು ಬರುತ್ತಿರುವ ಹೆಂಗಸನ್ನು ನಾವೆಲ್ಲ ಇಲ್ಲಿಯ ರೂಢಿಯಂತೆ 'ಬಾಯಿ' ಎಂದೇ ಕರೆಯುತ್ತೇವೆ. ಮೊನ್ನೆ ಬೆಳಿಗ್ಗೆ ಮೊದಲ ಬಾರಿಗೆ ಅವರ ಪೂರ್ಣ ಹೆಸರನ್ನು ಕೇಳಿ ತಿಳಿದುಕೊಂಡೆವು. ಇಷ್ಟು ವರ್ಷ ಕೇಳದೆ ಈಗೇಕೆ ಎಂಬಂತೆ ಅವರು ಒಂದು ಗಳಿಗೆ ನಮ್ಮನ್ನು ನೋಡಿ, ಆಮೇಲೆ ಹೆಸರು ಹೇಳಿದರು. ಇನ್ನೊಮ್ಮೆ ಹಳೆಯ ಹಾಲಿವುಡ್ ಚಿತ್ರವೊಂದನ್ನು ನೋಡುವಾಗ, ನಾಯಕಿಯ ಹಿಂದೆ ತಟ್ಟೆ ಹಿಡಿದು ನಿಂತವರ ಮುಖದ ಕಡೆಗೂ ನಮ್ಮ ಓದುಗರ ಕಣ್ಣು ಹರಿದರೆ, ಚಿತ್ರ ಮುಗಿದ ಮೇಲೆ ಅವರ ಹೆಸರನ್ನೂ ಹುಡುಕಿದರೆ, ಈ ಬರಹ ಸಾರ್ಥಕವಾಯಿತೆಂದು ಭಾವಿಸುತ್ತೇವೆ.